ಏನೂ ಅಲ್ಲದ ಕಲ್ಲು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಭೂವಿಜ್ಞಾನವನ್ನು ಎಷ್ಟೇ ಅರೆದು ಕುಡಿದು ಬಂದಿದ್ದರೂ ಚಿಕ್ಕಮಗಳೂರು ಜಿಲ್ಲೆಯ ಜನ ನಿಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಚಿನ್ನವಾ?" ನಾನು ಸರ್ವಿಸ್ಸಿಗೆ ಸೇರಿದ ದಿನದಿಂದ ನಿವೃತ್ತಿಯಾಗುವ ತನಕ ಈ ಪ್ರಶ್ನೆಗೆ "ಅಲ್ಲ" ಎಂದು ಹೇಳಿಯೇ ಸಂಬಳ ತೆಗೆದುಕೊಂಡೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಸ್ಕೇಲಿನಲ್ಲಿ ಸಿಕ್ಕಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿಗೇ ಅದರಲ್ಲಿ ಆಸಕ್ತಿ ಇರಲಿಲ್ಲ.

ಜನ ಕಲ್ಲುಗಳನ್ನು ಟವೆಲ್ಲಿನ ತುದಿಗೆ ಗಂಟು ಕಟ್ಟಿ ತರುತ್ತಿದ್ದರು, ಟಿಫನ್ ಕ್ಯಾರಿಯರ್‌ನಲ್ಲಿ ತರುತ್ತಿದ್ದರು. ಕಳಸದ ಕಡೆಯ ಹಿರಿಯರೊಬ್ಬರು ಹೊಳೆಯುವ ಅಭ್ರಕದ ಪದರಗಳನ್ನು ಬಿಡಿಸಿ, ವೀಳ್ಯದೆಲೆಯ ಕವಳಿಗೆಯ ಹಾಗೆ ಜೋಡಿಸಿ, ಬಾಳೆನಾರಿನಲ್ಲಿ ಕಟ್ಟಿ ತಂದಿದ್ದರು. ನಮ್ಮ ಕಡೆ ಅದನ್ನು ಕಾಗೆಬಂಗಾರ ಎನ್ನುತ್ತಾರೆ. ಕಾಗೆಗೆ ಅದರಿಂದ ಏನು ಉಪಯೋಗವೋ ಗೊತ್ತಿಲ್ಲ, ಮನುಷ್ಯರಿಗಂತೂ ನಿರಾಸೆ. "ಅಲ್ಲ" ಎಂದೊಡನೆ ಬಂದವರ ಮುಖ ಸಪ್ಪೆಯಾಗುತ್ತಿತ್ತು. ಕಲ್ಲನ್ನು ಮತ್ತೆ ಗಂಟು ಕಟ್ಟಿಕೊಳ್ಳುತ್ತ, "ನಿಮ್ಗಿಂತ ಮೇಲಿನವ್ರು ಯಾರಾದ್ರೂ ಇದ್ದಾರಾ ಸಾರ್?" ಎಂದು ಕೇಳುತ್ತಿದ್ದರು. ಮೇಲಿನವರು ಇದ್ದರು. ಅವರ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಸಾಮಾನುಗಳ ವಿಷಯ. ಈಗ ಕಲ್ಲಿಗೆ ಹಿಡಿದರೆ ಒಳಗೆ ಏನೇನಿದೆ ಎಂದು ಪರದೆಯ ಮೇಲೆ ತೋರಿಸುವ, ಪಿಸ್ತೂಲಿನ ಆಕಾರದ ಯಂತ್ರ ಬಂದಿದೆ. ನಮ್ಮ ಕಾಲದಲ್ಲಿ ಇದ್ದದ್ದು ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಒಂದು ಚಾಕು, ಸಣ್ಣ ಶೀಶೆಯಲ್ಲಿ ನೀರು ಬೆರೆಸಿದ ಆಸಿಡ್ ಮತ್ತು ಒಂದು ಪಿಂಗಾಣಿ ಚೂರು. ಗಟ್ಟಿತನ ನೋಡುವುದೆಂದರೆ ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡುವುದು. ಉಗುರಿನಲ್ಲಿ ಗೀರಿದರೆ ಗೆರೆ ಬೀಳುವ ಕಲ್ಲು ಮೆತ್ತಗಿನದು. ಗಾಜನ್ನೇ ಗೀರುವ ಕಲ್ಲು ಗಟ್ಟಿ. ಬಣ್ಣವನ್ನಂತೂ ನಂಬಲೇಬಾರದು. ಕಲ್ಲನ್ನು ಪಿಂಗಾಣಿಯ ಒರಟು ಮೈಗೆ ಉಜ್ಜಿದಾಗ ಬೀಳುವ ಪುಡಿಯ ಬಣ್ಣವೇ ಅದರ ನಿಜವಾದ ಬಣ್ಣ. ಇದಕ್ಕೆ ನಾವು ಒರೆ ಎನ್ನುತ್ತಿದ್ದೆವು. ಇಲಾಖೆಯವರು ಕೊಟ್ಟ ಪಿಂಗಾಣಿ ಬಿಲ್ಲೆ ಮೊದಲನೇ ಮಳೆಗಾಲದಲ್ಲೇ ಜೀಪಿನ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಆಮೇಲೆ ಕೊಟ್ಟಿಗೆಹಾರದಲ್ಲಿ ಗಾಳಿಗೆ ಬಿದ್ದ ಕರೆಂಟು ಕಂಬದ ಪಿಂಗಾಣಿ ಬುರುಡೆಯ ಚೂರೊಂದನ್ನು ಲೈನ್‌ಮನ್ ಹತ್ತಿರ ಬೇಡಿ ಇಟ್ಟುಕೊಂಡೆ. ಕೊನೆಯ ತನಕ ಅದರಲ್ಲೇ ಕೆಲಸ ನಡೆಸಿದೆ.

ಮೇಲಿನವರೆಂದರೆ ಅನಂತಯ್ಯನವರು. ನಾನು ಕಂಡ ಅಧಿಕಾರಿಗಳಲ್ಲಿ ಇವರಷ್ಟು ಓದಿಕೊಂಡವರಿಲ್ಲ, ಇವರಷ್ಟು ಪೇಚಿಗೆ ಸಿಕ್ಕಿಕೊಂಡವರೂ ಇಲ್ಲ. ಮೂಡಿಗೆರೆಯ ಹತ್ತಿರ ಒಬ್ಬ ಪ್ಲಾಂಟರು ಹೊಸ ಮನೆ ಕಟ್ಟಿಸಿ, ಹಾಲಿಗೆ ಹಾಕಿದ ಅಮೃತಶಿಲೆಯನ್ನು ತೋರಿಸಲು ನಮ್ಮನ್ನು ಊಟಕ್ಕೆ ಕರೆದಿದ್ದರು. ಅಸಲಿಯೋ ನಕಲಿಯೋ ಎಂದು ಯಾರೂ ಕೇಳಿರಲಿಲ್ಲ. ಅನಂತಯ್ಯನವರು ತಾವಾಗಿಯೇ ಬಗ್ಗಿ ನೆಲದ ನಟ್ಟನಡುವೆ ಒಂದು ತೊಟ್ಟು ಆಸಿಡ್ ಬಿಟ್ಟರು. ಬುಸುಬುಸು ನೊರೆ ಬಂತು. "ಅಸಲಿ" ಎಂದು ಸಂತೋಷದಿಂದ ಎದ್ದು ನಿಂತರು. ಅಸಲಿಯಾದ್ದರಿಂದಲೇ ನೆಲದಲ್ಲಿ ಕಲೆ ಉಳಿಯಿತು. ಆ ಮನೆಯವರು ಈಗಲೂ ಅದರ ಮೇಲೆ ಒಂದು ಕುರ್ಚಿ ಇಟ್ಟಿರುತ್ತಾರೆ, ಯಾರಿಗೂ ಅದನ್ನು ಸರಿಸಲು ಬಿಡುವುದಿಲ್ಲ.

ಆದರೆ ಆಸಿಡ್‌ಗಿಂತ ಹೆಚ್ಚಾಗಿ ಅನಂತಯ್ಯನವರು ನಂಬಿದ್ದು ತಮ್ಮ ನಾಲಿಗೆಯನ್ನು. ಕಲ್ಲು ನೆಕ್ಕಿ ನೋಡುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ. ಕೆಲವು ಜೇಡಿ ನಾಲಿಗೆಗೆ ಅಂಟಿಕೊಳ್ಳುತ್ತದೆ, ಕೆಲವು ಖನಿಜಕ್ಕೆ ರುಚಿಯಿದೆ. ಇವರು ಮಾತ್ರ ಎಲ್ಲವನ್ನೂ ನೆಕ್ಕುತ್ತಿದ್ದರು. ಒಮ್ಮೆ ದೇವರಮನೆಯ ಹುಲ್ಲುಗಾವಲಿನ ಕಡೆ ಹೋಗಿದ್ದಾಗ ಚಪ್ಪಟೆಯಾದ ಬಂಡೆಯೊಂದರ ಮುಂದೆ ಮೊಣಕಾಲೂರಿ ನೆಕ್ಕಿದರು. ಮುಖದ ಬಣ್ಣ ಬದಲಾಯಿತು. ಉಪ್ಪು ಎಂದರು. ಇಷ್ಟು ಮಳೆ ಹೊಡೆಯುವ ಗುಡ್ಡದ ಮೇಲೆ ಕಲ್ಲುಪ್ಪು ಉಳಿಯುವುದು ಸಾಧ್ಯವೇ ಇಲ್ಲ ಎಂದು ಓದಿದ್ದವರು, ಓದಿದ್ದೆಲ್ಲ ಸುಳ್ಳಾಗಲಿದೆ ಎಂಬ ಉತ್ಸಾಹದಲ್ಲಿ ಮತ್ತೆರಡು ಕಡೆ ನೆಕ್ಕಿ ಖಚಿತಪಡಿಸಿಕೊಂಡರು. ಅಷ್ಟರಲ್ಲಿ ನಮ್ಮ ಹಿಂದೆ ದನಗಳ ಗುಂಪೊಂದು ಬಂದು ನಿಂತಿತ್ತು. ಬಹಳ ಸೌಜನ್ಯದ ದನಗಳು, ಸುಮ್ಮನೆ ಕಾಯುತ್ತಿದ್ದವು. ಅವನ್ನು ಮೇಯಿಸುತ್ತಿದ್ದವನು ಕಂಬಳಿ ಸರಿಮಾಡಿಕೊಂಡು, "ಸಾರ್, ಅದು ನಾನು ದನಕ್ಕೆ ಉಪ್ಪು ಹಾಕೋ ಕಲ್ಲು. ನೀವು ಎದ್ರೆ ಅವು ಬರ್ತಾವೆ" ಎಂದ. ಬಣಕಲ್ ದಾಟುವ ತನಕ ಅನಂತಯ್ಯನವರು ಜೀಪಿನಿಂದ ತಲೆ ಹೊರಹಾಕಿ ಬಾಯಿ ಮುಕ್ಕಳಿಸುತ್ತಲೇ ಇದ್ದರು.

ಇವರ ಕೈಕೆಳಗೆ ನಾನಿದ್ದಾಗಲೇ ಸರೋಜಮ್ಮ ಚಿಕ್ಕಮಗಳೂರಿನ ನಮ್ಮ ಕಚೇರಿಗೆ ಬಂದದ್ದು.

ಬಣಕಲ್ಲಿನಿಂದ ಸ್ವಲ್ಪ ಒಳಗೆ ಅವರ ಮನೆ. ಗಂಡ ತೀರಿಕೊಂಡಿದ್ದರು. ಕಾಫಿ ತೋಟದಲ್ಲಿ ಅವರ ಪಾಲಿಗೆಂದು ಮಾವ ಬಾಯಲ್ಲಿ ಹೇಳಿ ಹೋದದ್ದು ಬಂಡೆ ಮೂಲೆ. ಹೆಸರೇ ಹೇಳುವ ಹಾಗೆ ಅಲ್ಲಿ ಗಿಡಕ್ಕಿಂತ ಬಂಡೆ ಹೆಚ್ಚು, ಯಾರಿಗೂ ಬೇಡವಾಗಿದ್ದ ಜಾಗ. ಸರೋಜಮ್ಮ ಬಂಡೆಗಳ ಸಂದಿಯಲ್ಲೆಲ್ಲ ಗುಂಡಿ ತೆಗೆಸಿ ರೊಬಸ್ಟಾ ಹಾಕಿ, ಮರಗಳಿಗೆ ಮೆಣಸು ಹಬ್ಬಿಸಿ ಅದನ್ನು ತೋಟ ಮಾಡಿದ್ದರು. ಗಂಡನ ಅಣ್ಣ ಈರೇಗೌಡರು ಅದನ್ನು ಪಾಲುಪತ್ರದಲ್ಲಿ ಅವರ ಹೆಸರಿಗೆ ಬರೆದುಕೊಡಲು ಒಪ್ಪಿಯೂ ಇದ್ದರು. ಅಷ್ಟರಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಗಿಡಕ್ಕೆ ನೀರಿರಲಿ ಎಂದು ಸರೋಜಮ್ಮ ಬಾವಿ ತೆಗೆಸಿದರು. ಬಾವಿಯ ತಳದಲ್ಲಿ ಫಳಫಳ ಹೊಳೆಯುವ ಹಳದಿ ಕಲ್ಲು ಸಿಕ್ಕಿತು. ಕೆಲಸದವರ ಬಾಯಿಂದ ಸುದ್ದಿ ಬಣಕಲ್ ಪೇಟೆಗೆ ಹೋಗಿ, ಮರುದಿನ ಬೆಳಿಗ್ಗೆಯ ಬಸ್ಸಿಗೇ ತಿರುಗಿ ಬಂತು. ಈರೇಗೌಡರು, ಚಿನ್ನ ಇದ್ದರೆ ಅದು ಮನೆತನದ್ದು, ಗೊತ್ತಾಗುವ ತನಕ ಸಹಿ ಬೇಡ ಎಂದರು.

ಸರೋಜಮ್ಮ ಕಲ್ಲನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಮುಷ್ಟಿಯಷ್ಟು ದಪ್ಪ, ಕಡಿದು ಮಾಡಿದ ಹಾಗೆ ನೇರ ಅಂಚುಗಳು, ಒಳ್ಳೆಯ ಹೊಳಪು. ನಾನು ಎಂದಿನ ಪ್ರಶ್ನೆಗೆ ಎಂದಿನ ಉತ್ತರವನ್ನು ತಯಾರು ಮಾಡಿಕೊಂಡಿದ್ದೆ.

"ಸಾರ್, ಇದು ಚಿನ್ನ ಅಲ್ಲ ಅಂತ ಹೇಳಿ" ಎಂದರು ಅವರು. "ಬಂಡೆ ಮೂಲೆ ಅಂತ ನಂಗೆ ಬಿಟ್ಕೊಟ್ರು. ಅದು ಬಂಡೆಯಾಗೇ ಇರ್ಲಿ."

ನನ್ನ ಸರ್ವಿಸ್ಸಿನಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಚಾಕುವಿನಲ್ಲಿ ಗೀರಿದೆ, ಕಲ್ಲಿಗೆ ಏನೂ ಆಗಲಿಲ್ಲ. ಚಿನ್ನವಾಗಿದ್ದರೆ ಚಾಕು ಒಳಗೆ ಇಳಿಯುತ್ತಿತ್ತು. ಪಿಂಗಾಣಿ ಚೂರಿಗೆ ಉಜ್ಜಿದೆ; ಹಸಿರು ಮಿಶ್ರಿತ ಕಪ್ಪು ಒರೆ ಬಿತ್ತು. ಚಿನ್ನದ ಒರೆ ಚಿನ್ನದ ಬಣ್ಣದ್ದೇ ಇರುತ್ತದೆ. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ್ದು, ಏನೂ ಅಲ್ಲ ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಒಂದು ಕಲ್ಲು ಏನೂ ಅಲ್ಲ ಎಂದಾಗ ಮನುಷ್ಯರಿಗೆ ಇಷ್ಟು ಸಂತೋಷವಾಗಬಹುದು ಎಂದು ನನಗೆ ಅವತ್ತು ತಿಳಿಯಿತು. ನನಗೂ ಒಳ್ಳೆಯದೆನಿಸಿತು, ಸುಳ್ಳು ಹೇಳುವುದಿಲ್ಲ.

ಚಿನ್ನವಲ್ಲ ಎಂದು ಬರೆದುಕೊಡಿ ಎಂದು ಅವರು ಕೇಳಿದರು. ಅನಂತಯ್ಯನವರು ಒಪ್ಪಲಿಲ್ಲ. ಇದೆ ಎಂದು ಬರೆಯಬಹುದು, ಇಲ್ಲ ಎಂದು ಬರೆಯಲು ಇಲಾಖೆಯಲ್ಲಿ ಕ್ರಮವಿಲ್ಲ. ಹಾಗೆ ಶುರು ಮಾಡಿದರೆ ಜಿಲ್ಲೆಯಲ್ಲಿರುವ ಕಲ್ಲುಗಳಿಗೆಲ್ಲ ಬರೆದುಕೊಡಬೇಕಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಸರೋಜಮ್ಮ ಬಾಯಿಮಾತನ್ನೇ ನಂಬಿಕೊಂಡು, ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಮುಂದಿನ ವಾರ ಅದೇ ಚೀಲ ಹಿಡಿದು ಮತ್ತೆ ಬಂದರು. ಈ ಸಲ ಕೂರಲಿಲ್ಲ. ಈರೇಗೌಡರು ಕಲ್ಲನ್ನು ಮೂಡಿಗೆರೆಯ ಅಕ್ಕಸಾಲಿಗರಿಗೆ ತೋರಿಸಿದ್ದರಂತೆ. ಅವರು ಆಸಿಡ್ ಹಾಕಿ ನೋಡಿ, ಸ್ವಲ್ಪವೇ ಇದೆ, ಆದರೆ ಇರುವುದು ಚಿನ್ನವೇ ಎಂದರಂತೆ.

"ನೀವು ಏನೂ ಅಲ್ಲ ಅಂದ್ರಿ" ಎಂದರು ಸರೋಜಮ್ಮ. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಭೂತಗನ್ನಡಿ ಹಿಡಿದು ನೋಡಿದೆ. ಕಲ್ಲಿನ ಒಂದು ಮೂಲೆಯಲ್ಲಿ ಅರಿಸಿನ ಸವರಿದ ಹಾಗೆ ಚೂರು ಬೇರೆ ಹಳದಿ. ಸೂಜಿಯಲ್ಲಿ ಕೆದಕಿದೆ, ಮೆತ್ತಗೆ ಒಳಗೆ ಹೋಯಿತು. ಉಳಿದ ಕಡೆಯೆಲ್ಲ ಸೂಜಿ ಜಾರಿತು. ನಿಜವಾಗಿಯೂ ಚಿನ್ನ. ಹಿಂದಿನ ವಾರ ಇಲ್ಲದ್ದು ಈ ವಾರ ಇತ್ತು. ಕಲ್ಲಿನಲ್ಲಿ ಚಿನ್ನ ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಬೇಕೆಂದು ನಾನು ಓದಿದ್ದೆ. ಇದು ಬಣಕಲ್ಲಿಗೆ ಹೋಗಿ ಬರುವಷ್ಟರಲ್ಲಿ ಹುಟ್ಟಿತ್ತು.

ನನ್ನ ತಲೆ ಕೆಟ್ಟರೆ ಅನಂತಯ್ಯನವರಿಗೆ ಹಬ್ಬವಾಯಿತು. ಅವರ ನಿವೃತ್ತಿ ಹತ್ತಿರವಿತ್ತು. ಜಿಲ್ಲೆಯಲ್ಲಿ ಚಿನ್ನ ಕಂಡುಹಿಡಿದವರು ಎಂದು ಹೇಳಿಸಿಕೊಂಡು ಮನೆಗೆ ಹೋಗುವ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು. ಬೆಂಗಳೂರಿಗೆ ಫೋನ್ ಮಾಡಲು ಹೊರಟವರನ್ನು ನಾನು ಹೇಗೋ ತಡೆದೆ. ಒಮ್ಮೆ ಜಾಗ ನೋಡಿ ಬರೋಣ, ಆಮೇಲೆ ಮಾಡಿ ಎಂದೆ. ಮೇಲಕ್ಕೆ ವರದಿ ಹೋಯಿತೆಂದರೆ ಸರೋಜಮ್ಮನ ತೋಟವನ್ನು ಯಾರ್ಯಾರು ಬಂದು ಅಗೆಯುತ್ತಾರೋ ದೇವರಿಗೇ ಗೊತ್ತು. ಮರುದಿನ ಜೀಪಿನಲ್ಲಿ ಹೊರಟೆವು.

ಕಾಫಿ ಕೊಯ್ಲಿನ ಸಮಯ. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಲು ಹರವಿದ್ದರು. ಅನಂತಯ್ಯನವರು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿದು, ಗೋಡೆಯನ್ನು ನೆಕ್ಕಿ, ಕಬ್ಬಿಣದ ರುಚಿ ಎಂದು ಕೆಳಗಿನಿಂದ ಕೂಗಿದರು. ಮೇಲೆ ಬಗ್ಗಿ ನಿಂತಿದ್ದ ಈರೇಗೌಡರಿಗೆ, ಸರಕಾರ ಇಷ್ಟು ಕಷ್ಟ ಪಡುತ್ತಿದ್ದರೆ ಒಳಗೆ ಏನೋ ಇರಲೇಬೇಕು ಎಂಬ ನಂಬಿಕೆ ಗಟ್ಟಿಯಾಯಿತು. ಸರೋಜಮ್ಮ ತಾವು ನೆಟ್ಟ ಗಿಡಗಳ ನಡುವೆ ನಿಂತು ಒಂದು ಗಿಡದ ಒಣ ರೆಕ್ಕೆಗಳನ್ನು, ಅಡ್ಡ ಕೊಂಬೆಗಳನ್ನು, ಮುರಿಯುತ್ತಿದ್ದರು. ಅವರನ್ನು ನೋಡಲು ನನಗೆ ಮುಖವಿರಲಿಲ್ಲ.

ಆಗ ಬೈಕಿನಲ್ಲಿ ನಾಗೇಶ ಬಂದ. ಈರೇಗೌಡರ ಕಿರಿಯ ತಮ್ಮ, ಸರೋಜಮ್ಮನ ಮೈದುನ. ಬಣಕಲ್ಲಿನಲ್ಲಿ ಕಾಫಿ ಖರೀದಿ ಮಾಡುತ್ತಿದ್ದ. ಬಸ್ಸಿಗೆ ಕಾಯುವಾಗೆಲ್ಲ ನಾನು ಅವನ ಅಂಗಡಿಯ ಕಟ್ಟೆಯಲ್ಲಿ ಕೂರುತ್ತಿದ್ದುದರಿಂದ ಪರಿಚಯವಿತ್ತು. ಬೈಕಿನಿಂದ ಬಿದ್ದು ಮುಕ್ಕಾದ ಎಡಗಡೆಯ ಕೋರೆಹಲ್ಲಿಗೆ ಚಿನ್ನದ ಕವಚ ಹಾಕಿಸಿಕೊಂಡಿದ್ದ. ಅದು ಕಾಣಲಿ ಎಂದೇ ಸಣ್ಣ ಮಾತಿಗೂ ನಗುತ್ತಿದ್ದ. ಅವತ್ತು ನಗಲಿಲ್ಲ. ಬಾಯಿಗೆ ಟವೆಲ್ ಸುತ್ತಿಕೊಂಡಿದ್ದ, ನೆಗಡಿ ಎಂದ.

ಕಣದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಬೊಗಸೆ ಪಾರ್ಚ್‌ಮೆಂಟ್ ತಂದು, ಒಣಗಿದೆಯಾ ನೋಡಿ ಎಂದು ಅವನ ಮುಂದೆ ಹಿಡಿದಳು. ಈ ಕಡೆ ಕಾಫಿ ವ್ಯಾಪಾರದವರು ಬೀಜವನ್ನು ಕಚ್ಚಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ನಾಗೇಶ ಕಚ್ಚುತ್ತಿದ್ದುದು ಯಾವಾಗಲೂ ಆ ಎಡಗಡೆಯ ಹಲ್ಲಿನಲ್ಲಿ. ಅಂಗಡಿ ಕಟ್ಟೆಯಲ್ಲಿ ಕೂತು ನೂರು ಸಲ ನೋಡಿದ್ದೆ. ಅವತ್ತು ಟವೆಲ್ ಸ್ವಲ್ಪ ಸರಿಸಿ ಬಲಗಡೆಯಿಂದ ಕಚ್ಚಿದ.

ಅವನ ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ, "ನಾಗೇಶ, ಆ ಕಲ್ಲು ಕಚ್ಚಿದ್ಯಾ ಮಾರಾಯ?" ಎಂದು ಕೇಳಿದೆ.

"ಎಂಥ ಕಲ್ಲು ಸಾರ್" ಎಂದ. ಆದರೆ ಕಣ್ಣು ಅತ್ತಿಗೆಯ ಕಡೆ ಹೋಯಿತು. ಗಿಡದ ಹತ್ತಿರ ಇದ್ದ ಸರೋಜಮ್ಮ ಅದನ್ನು ನೋಡಿದರು. ಕೈಯಲ್ಲಿದ್ದ ರೆಕ್ಕೆ ಬಿಸಾಕಿ ಬಂದರು.

"ನಾಗೇಶ, ಬಾಯಿ ತೆಗಿ."

ಅತ್ತಿಗೆ, ನೆಗಡಿ ಎಂದ. ನೆಗಡಿ ಮೂಗಿಗೆ ಬರೋದು, ಬಾಯಿ ತೆಗಿ ಎಂದರು. ಅವನು ಅಣ್ಣನ ಮುಖ ನೋಡಿದ. ಈರೇಗೌಡರಿಗೆ ಏನೂ ಅರ್ಥವಾಗಿರಲಿಲ್ಲ, ಆದರೆ ಅಷ್ಟು ಜನರ ಮುಂದೆ ಅರ್ಥವಾಗಲಿಲ್ಲ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ತೆಗಿ ಎಂದು ಅವರೂ ಹೇಳಿದರು.

ನಾಗೇಶನನ್ನು ಕಣದ ಮಧ್ಯೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರಿಸಿದೆವು. ಕೆಲಸದವರೆಲ್ಲ ಪಾರ್ಚ್‌ಮೆಂಟ್ ಕೈಯಾಡಿಸುವುದನ್ನು ಬಿಟ್ಟು ಸುತ್ತ ನಿಂತರು. ಬಾವಿಯಿಂದ ಮೇಲೆ ಬಂದ ಅನಂತಯ್ಯನವರು ಮೈಯೆಲ್ಲ ಕೆಸರಾಗಿ, ಹಾಡುಹಗಲಲ್ಲಿ ಟಾರ್ಚ್ ಹಿಡಿದುಕೊಂಡರು. ನಾನು ಭೂತಗನ್ನಡಿಯನ್ನು ಅವನ ಬಾಯಿಯ ಹತ್ತಿರ ಒಯ್ದೆ. ಕಲ್ಲು ನೋಡಲು ಸರಕಾರ ಕೊಟ್ಟ ಗಾಜಿನಲ್ಲಿ ನಾನು ನೋಡಿದ ಮೊದಲ ಹಲ್ಲು ಅದು. ಕವಚದ ತುದಿ ಜಜ್ಜಿಹೋಗಿತ್ತು, ಅದರ ಮೇಲೆ ಸಾಲಾಗಿ ಸಣ್ಣ ಗೀರುಗಳಿದ್ದವು. ಪೈರೈಟಿನ ಮೈಮೇಲೆ ಅಂಥದೇ ಸಣ್ಣ ಗೆರೆಗಳಿರುತ್ತವೆ. ಅನಂತಯ್ಯನವರು ಖಚಿತಪಡಿಸಿಕೊಳ್ಳಲು ಮುಂದಕ್ಕೆ ಬಾಗಿದರು. ಅವರ ಅಭ್ಯಾಸ ನನಗೆ ಗೊತ್ತಿದ್ದುದರಿಂದ ಭುಜ ಹಿಡಿದು ತಡೆದೆ.

ನಾಗೇಶ ಒಪ್ಪಿಕೊಂಡ. ಸರೋಜಮ್ಮ ಚಿಕ್ಕಮಗಳೂರಿನಿಂದ ಕಲ್ಲು ವಾಪಸು ತಂದ ಸಂಜೆ ಅದು ಜಗಲಿಯ ಮೇಲಿತ್ತು. ಕೈಗೆ ತೆಗೆದುಕೊಂಡ, ಕಾಫಿ ಬೀಜದ ಹಾಗೆ ಕಚ್ಚಿದ, ಕವಚದ ಚಿನ್ನ ಸವೆದು ಕಲ್ಲಿಗೆ ಹತ್ತಿತು. ಹಾಗಾದರೆ ಆಮೇಲೆ ಯಾಕೆ ಹೇಳಲಿಲ್ಲ ಎಂದು ಸರೋಜಮ್ಮ ಕೇಳಿದರು.

"ಕಲ್ಲು ಕಚ್ಚಿದೆ ಅಂದ್ರೆ ಬಣಕಲ್ಲಲ್ಲಿ ನನ್ನ ಹತ್ರ ಯಾರು ಕಾಫಿ ಮಾರ್ತಾರೆ ಅತ್ತಿಗೆ?" ಎಂದ. ಅವನ ಕಷ್ಟವೂ ಕಷ್ಟವೇ.

ಈರೇಗೌಡರು ಇನ್ನೂ ನಂಬಲು ತಯಾರಿರಲಿಲ್ಲ. ಪಿಂಗಾಣಿ ಚೂರನ್ನು ತೆಗೆದು ನಾಗೇಶನ ಹಲ್ಲಿಗೆ ಒತ್ತಿ ಎಳೆದೆ. ಹಳದಿ ಗೆರೆ ಬಿತ್ತು. ಅದರ ಪಕ್ಕದಲ್ಲೇ ಕಲ್ಲನ್ನು ಉಜ್ಜಿದೆ. ಕಪ್ಪು ಗೆರೆ. ಆಮೇಲೆ ಕಲ್ಲಿನ ಇನ್ನೊಂದು ಮೂಲೆಗೆ ಸುತ್ತಿಗೆಯಲ್ಲಿ ಹೊಡೆದೆ. ಚಿನ್ನವಾಗಿದ್ದರೆ ಚಪ್ಪಟೆಯಾಗಬೇಕು, ಇದು ಪುಡಿಯಾಗಿ ಸಿಡಿದು ಪಟಾಕಿಯ ವಾಸನೆ ಬಂತು. ಈರೇಗೌಡರು ಎರಡು ಗೆರೆಗಳನ್ನೂ ತುಂಬ ಹೊತ್ತು ನೋಡಿದರು. ತಮ್ಮನ ಬಾಯಿಯನ್ನೂ ನೋಡಿದರು.

"ಹಂಗಾದ್ರೆ ಈ ಮನೇಲಿ ಇರೋ ಚಿನ್ನ ಇವನ ಬಾಯಲ್ಲೇ ಅನ್ನಿ" ಎಂದರು. ಆಮೇಲೆ ಸರೋಜಮ್ಮನ ಕಡೆ ತಿರುಗದೆಯೇ, "ಸೋಮವಾರ ಮೂಡಿಗೆರೆಗೆ ಹೋಗಿ ಸೈನ್ ಹಾಕಿ ಬರಾಣ" ಎಂದರು.

ಸರೋಜಮ್ಮ ಅಲ್ಲೇ ಕಣದ ಅಂಚಿನಲ್ಲಿ ಕೂತುಬಿಟ್ಟರು. ನಾಗೇಶ ಎದ್ದು ಹೋಗಿ ಒಳಗಿನಿಂದ ಅವರಿಗೆ ನೀರು ತಂದುಕೊಟ್ಟ. ಅನಂತಯ್ಯನವರು ಟಾರ್ಚ್ ಆರಿಸಿ ಜೀಪಿನಲ್ಲಿ ಹೋಗಿ ಕೂತರು. ಪಾಪ, ಅವರಿಗೆ ಚಿನ್ನ ಸಿಗಲಿಲ್ಲ. ನಿವೃತ್ತಿಯ ಸಮಾರಂಭದಲ್ಲಿ ನಾವು ಅವರಿಗೊಂದು ಬೆಳ್ಳಿಯ ಲೋಟ ಕೊಟ್ಟೆವು. ತೆಗೆದುಕೊಂಡವರೇ ಅದರ ಅಂಚನ್ನು ನಾಲಿಗೆಗೆ ಮುಟ್ಟಿಸಿದರು.

ಆಮೇಲೆ ಆ ಕಡೆ ಹೋದಾಗಲೆಲ್ಲ ಸರೋಜಮ್ಮನ ಮನೆಗೆ ಹೋಗುವುದು ರೂಢಿಯಾಯಿತು. ಕಲ್ಲನ್ನು ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಭಾರವಾಗಿ ಇಟ್ಟಿದ್ದರು. ಬೆಚ್ಚಗಿನ ಒಣ ಜಾಗವಾದ್ದರಿಂದ ಅದಕ್ಕೆ ತುಕ್ಕು ಹಿಡಿಯಲಿಲ್ಲ. ಪ್ರತಿ ಸಲವೂ ಕೆಳಗಿಳಿಸಿ ನನ್ನ ಮುಂದೆ ಇಟ್ಟು, "ಇನ್ನೂ ಏನೂ ಅಲ್ಲ ತಾನೆ ಸಾರ್?" ಎಂದು ಕೇಳುತ್ತಿದ್ದರು. ತಮಾಷೆಯೆಂದು ನಾನು ತಿಳಿದದ್ದು ತಪ್ಪು. ಉತ್ತರ ಬರುವ ತನಕ ಅವರು ಉಸಿರು ಹಿಡಿದಿರುತ್ತಿದ್ದರು. ನಾನು ಪಿಂಗಾಣಿ ತೆಗೆದು, ಉಜ್ಜಿ, ಕಪ್ಪು ಗೆರೆ ತೋರಿಸಿ, "ಏನೂ ಅಲ್ಲಮ್ಮ" ಎನ್ನುತ್ತಿದ್ದೆ. ಆಮೇಲೇ ಕಾಫಿ ಬರುತ್ತಿತ್ತು. ಎಷ್ಟೋ ಸಲ ನಾಗೇಶನೂ ಇರುತ್ತಿದ್ದ. ಆ ಕಲ್ಲು ಕಂಡೊಡನೆ ಅವನ ನಾಲಿಗೆ ಎಡಗಡೆಗೆ ಹೋಗುತ್ತಿತ್ತು.

ಮೊನ್ನೆ, ನನ್ನ ಜಾಗಕ್ಕೆ ಬಂದಿರುವ ಚೈತ್ರಾ ಎಂಬ ಹೆಣ್ಣುಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬುದ್ಧಿವಂತೆ, ಕೆಲಸದಲ್ಲಿ ಚುರುಕು. ಜೊತೆಗೆ ಆ ಪಿಸ್ತೂಲಿನಂಥ ಯಂತ್ರ ತಂದಿದ್ದಳು. ಸರೋಜಮ್ಮ ಎಂದಿನಂತೆ ಕಲ್ಲು ಇಳಿಸಿದರು. ನಾನು ಜೇಬಿಗೆ ಕೈ ಹಾಕುವ ಮೊದಲೇ ಚೈತ್ರಾ ಯಂತ್ರವನ್ನು ಅದರ ಮೂಲೆಗೆ ಹಿಡಿದಳು. ಕಬ್ಬಿಣ ಎಂದಳು, ಗಂಧಕ ಎಂದಳು. ಆಮೇಲೆ ಪರದೆಯನ್ನು ಮತ್ತೊಮ್ಮೆ ನೋಡಿ, ದನಿ ಏರಿಸಿ, "ಸಾರ್, ಸ್ವಲ್ಪ ಚಿನ್ನ ತೋರಿಸ್ತಿದೆ" ಎಂದಳು.

ಸರೋಜಮ್ಮನ ಕೈ ಭರಣಿಯ ಮೇಲೆಯೇ ನಿಂತಿತು. ಯಂತ್ರ ತಪ್ಪು ಹೇಳಿರಲಿಲ್ಲ. ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಮೂಲೆಯಲ್ಲಿ ಅರಿಸಿನ ಸವರಿದ ಹಾಗೆ ಹಳದಿ ಇನ್ನೂ ಇತ್ತು.

ನಾಗೇಶ ಹೋಗಿ ಎರಡು ಮಳೆಗಾಲ ಆಗಿದೆ. ಎದೆನೋವು ಅಂದವನನ್ನು ಮೂಡಿಗೆರೆ ಮುಟ್ಟಿಸಲು ಆಗಲಿಲ್ಲ.

"ಅದು ಚಿನ್ನ ಅಲ್ಲಮ್ಮ" ಎಂದೆ. "ನಾಗೇಶ."

ಸರೋಜಮ್ಮ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಭರಣಿಯ ಎಣ್ಣೆ ಹತ್ತಿದ್ದ ಮೈಯನ್ನೆಲ್ಲ ಸೆರಗಿನಲ್ಲಿ ಒರೆಸಿದರು, ಆ ಒಂದು ಮೂಲೆಯನ್ನು ಬಿಟ್ಟು.